ಡಿಸ್ಚಾರ್ಜ್ ಆದ ಮೇಲೂ ನಾವು ನಿಮ್ಮ ರೋಗಿಗಳೇ

ಪುಣೆಯ ವೈದ್ಯಕೀಯ ಕಾಲೇಜುಗಳ ನರರೋಗ ವಿಭಾಗಗಳ ಮುಖ್ಯಸ್ಥರಿಗೆ,
ಮಹಾರಾಷ್ಟ್ರ ಹಾಗೂ ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರಿಗೆ



2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ನಾಂದೇಡ್ ಗ್ರಾಮ, ಕಿರಕಟವಾಡಿ, ಧಾಯರಿ ಭಾಗಗಳಲ್ಲಿ ಜನ ಒಬ್ಬರ ಹಿಂದೊಬ್ಬರು ಕೈಕಾಲಿನ ಬಲ ಕಳೆದುಕೊಂಡು ಆಸ್ಪತ್ರೆ ಸೇರಿದರು. ಕಾಯಿಲೆಯ ಹೆಸರು ಗಿಲ್ಲನ್-ಬಾರೆ ಸಿಂಡ್ರೋಮ್. ವಾರ ಕಳೆಯುವುದರೊಳಗೆ ಜಿಬಿಎಸ್ ಎಂಬ ಮೂರಕ್ಷರ ಮನೆಮನೆಯ ಮಾತಾಯಿತು. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಅದು ಎರಡು ತಿಂಗಳೊಳಗೆ ಒಂದೇ ಊರಿನ ಸುತ್ತಮುತ್ತ ಸುಮಾರು ಇನ್ನೂರು ಜನರನ್ನು ಹಿಡಿಯಿತು. ಕೆಲವರು ತೀರಿಕೊಂಡರು. ಹೆಚ್ಚಿನವರು ಬದುಕಿದರು. ಈ ಪತ್ರ ಬದುಕಿದವರ ಬಗ್ಗೆ.

ಆ ದಿನಗಳಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಪ್ರಕಟಿಸಿತು. ಪಿಂಪ್ರಿ-ಚಿಂಚವಾಡ ಪಾಲಿಕೆಯವರಿಗೆ ವೈಸಿಎಂ ಆಸ್ಪತ್ರೆ, ಪುಣೆ ಪಾಲಿಕೆಯವರಿಗೆ ಕಮಲಾ ನೆಹರೂ ಆಸ್ಪತ್ರೆ, ಗ್ರಾಮೀಣ ಭಾಗದವರಿಗೆ ಸಸೂನ್. ನಾನಿರುವ ಹಿಂಜವಾಡಿಯಲ್ಲಿ ಇನ್ಫೋಸಿಸ್, ವಿಪ್ರೋ, ಟಿಸಿಎಸ್ ಇದ್ದರೂ, ಲಕ್ಷಾಂತರ ಜನ ದಿನವೂ ಕೆಲಸಕ್ಕೆ ಬಂದು ಹೋಗುತ್ತಿದ್ದರೂ, ಅದು ಆಗ ಮುಳಶಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ಹಾಗಾಗಿ ಇಲ್ಲಿನವರ ಪಾಲಿಗೆ ಬಂದದ್ದು ಪುಣೆ ರೈಲು ನಿಲ್ದಾಣದ ಮಗ್ಗುಲಿಗಿರುವ ಸಸೂನ್, ಭೂಮಕರ್ ಚೌಕದ ವಾಹನ ದಟ್ಟಣೆ ದಾಟಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ದೂರ ನನ್ನ ದೂರಲ್ಲ. ಆ ಪ್ರಕಟಣೆಯಲ್ಲಿ ಒಂದು ಜವಾಬ್ದಾರಿ ಇತ್ತು: ಯಾವ ರೋಗಿ ಯಾವ ಆಸ್ಪತ್ರೆಯವನು ಎಂದು ಸರ್ಕಾರವೇ ಹೇಳಿತ್ತು. ರೋಗಿ ಮನೆಗೆ ಹೋದ ದಿನ ಆ ಹೊಣೆ ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಸಲ್ಲಬೇಕಾದ ಮಾತು ಸಲ್ಲಲಿ. ಆ ತಿಂಗಳುಗಳಲ್ಲಿ ಈ ನಗರದ ವೈದ್ಯರು, ನರ್ಸ್‌ಗಳು, ವಾರ್ಡ್‌ನ ಮಾವಶಿಯರು ನಿದ್ದೆಗೆಟ್ಟು ದುಡಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಮತ್ತು ನೊರೊವೈರಸ್ ಕಂಡುಹಿಡಿದು ಕಲುಷಿತ ನೀರಿನ ಕಡೆ ಬೊಟ್ಟು ಮಾಡಿತು. ಕೇಂದ್ರ ಸರ್ಕಾರ ಕಳಿಸಿದ ಏಳು ಜನರ ತಂಡದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರೂ ಇದ್ದರು. ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಮೈತೂಕದ ಪ್ರತಿ ಕಿಲೋಗೆ ಒಟ್ಟು ಎರಡು ಗ್ರಾಂ ಲೆಕ್ಕದಲ್ಲಿ ಐದು ದಿನಕ್ಕೆ ಹಂಚಿ ಕೊಡಬೇಕು. ಅರವತ್ತು ಕಿಲೋ ತೂಗುವವರಿಗೆ ಐದು ಗ್ರಾಮಿನ ಇಪ್ಪತ್ತನಾಲ್ಕು ಬಾಟಲಿ ಬೇಕು, ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ. ಅದನ್ನು ಉಚಿತವಾಗಿ ಕೊಡಿಸಿದ ಸರ್ಕಾರಕ್ಕೂ ನಾವು ಋಣಿಗಳು. ಇದನ್ನು ಉಪಚಾರಕ್ಕೆ ಬರೆಯುತ್ತಿಲ್ಲ. ನನ್ನ ತಮ್ಮ ಉಸಿರಾಡುತ್ತಿರುವುದು ಅವರಿಂದ.

ಅವನು ಧಾಯರಿಯ ಬಾಡಿಗೆ ಕೋಣೆಯಲ್ಲಿ ಗೆಳೆಯರ ಜೊತೆ ಇದ್ದ. ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಅವನಿಗೆ ನೌಕರಿ ಸಿಕ್ಕಿದ್ದು ನನ್ನ ಬೆನ್ನಿಗೆ, ಪುಣೆಯಲ್ಲೇ. ಒಂದು ವಾರ ಭೇದಿ, ಆಮೇಲೆ ಪಾದದಲ್ಲಿ ಜೋಮು, ಆಮೇಲೆ ಮೆಟ್ಟಿಲು ಹತ್ತಲಾಗದ ಕಾಲು. ಅವನನ್ನು ಸೇರಿಸಿದ ಬೋಧನಾ ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಜೀವ ಉಳಿಸಿದವರನ್ನು ಒಂಟಿಯಾಗಿ ಕಟಕಟೆಗೆ ನಿಲ್ಲಿಸುವ ಮನಸ್ಸಿಲ್ಲ. ಜೊತೆಗೆ, ಬೇರೆ ಬೇರೆ ಆಸ್ಪತ್ರೆಗಳಿಂದ ಮನೆಗೆ ಬಂದವರ ಮಾತು ಕೇಳಿದಾಗ ಕಥೆ ಒಂದೇ ಇದೆ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಎರಡು ಸಾಲು: ಫಿಸಿಯೋಥೆರಪಿ ಮುಂದುವರಿಸಿ, ತೊಂದರೆಯಾದರೆ ಒಪಿಡಿಗೆ ಬನ್ನಿ. ಅಲ್ಲಿಗೆ ಸಂಬಂಧ ಮುಗಿಯಿತು. ಆರು ತಿಂಗಳಿಗೆ ಹೇಗಿದ್ದೀರಿ ಎಂದು ಕೇಳಿದ ಕರೆಯಿಲ್ಲ. ವರ್ಷಕ್ಕೆ ನರಗಳ ಪರೀಕ್ಷೆ ಮತ್ತೆ ಮಾಡೋಣ ಬನ್ನಿ ಎಂದವರಿಲ್ಲ. ಆ ವಾರ್ಡ್‌ನಲ್ಲಿ ಅಕ್ಕಪಕ್ಕ ಮಲಗಿದ್ದವರ, ಈಗಲೂ ನಾವು ಫೋನಿನಲ್ಲಿ ಮಾತಾಡುವ ಯಾವ ಕುಟುಂಬಕ್ಕೂ ಅಂಥ ಕರೆ ಬಂದಿಲ್ಲ.

ಜಿಬಿಎಸ್ ಗೊತ್ತಿಲ್ಲದವರಿಗೆ ಇದು ಸಣ್ಣ ದೂರಾಗಿ ಕಾಣಬಹುದು. ವೆಂಟಿಲೇಟರಿನಿಂದ ಹೊರಬಂದ ಮೇಲೆ ಇನ್ನೇನು ಎಂದು ನಮ್ಮ ಬಂಧುಗಳೇ ಕೇಳಿದ್ದಾರೆ. ಅವರಿಗಾಗಿ ಕಾಯಿಲೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಟ್ಟೆಗೆ ಹೋದ ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ರಕ್ಷಣಾ ಪಡೆ ತಪ್ಪು ಗುರುತಿನಿಂದ ತನ್ನದೇ ನರಗಳನ್ನು ಹೊಡೆಯುತ್ತದೆ. ಹೆಚ್ಚೆಂದರೆ ನಾಲ್ಕು ವಾರದಲ್ಲಿ ನಿಶ್ಶಕ್ತಿ ತನ್ನ ತುದಿ ಮುಟ್ಟುತ್ತದೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಆರು ತಿಂಗಳ ನಂತರವೂ ಐವರಲ್ಲಿ ಒಬ್ಬರು ಆಸರೆಯಿಲ್ಲದೆ ನಡೆಯಲಾರರು. ಪೆಟ್ಟು ಎಲ್ಲಿ ಬಿತ್ತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ವಿದ್ಯುತ್ ತಂತಿಯ ಮೇಲಿನ ರಬ್ಬರು ಸುಲಿದಂತೆ ನರದ ಹೊದಿಕೆ ಮಾತ್ರ ಹಾಳಾಗಿದ್ದರೆ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಒಳಗಿನ ತಂತಿಯೇ ತುಂಡಾಗಿದ್ದರೆ ನರ ತುಂಡಾದ ಕಡೆಯಿಂದ ಹೊಸದಾಗಿ ಬೆಳೆಯಬೇಕು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಂಡಿಯಿಂದ ಪಾದಕ್ಕೆ ನಲವತ್ತು ಸೆಂಟಿಮೀಟರ್ ಎಂದುಕೊಂಡರೆ ನಾನೂರು ದಿನ. ಸೊಂಟದಿಂದ ಲೆಕ್ಕ ಹಾಕಿದರೆ ಎರಡು ವರ್ಷ ದಾಟುತ್ತದೆ. ಅಷ್ಟರಲ್ಲಿ ಕಣಕಾಲಿನ ಹಿಂದಿನ ಸ್ನಾಯು ಬಿಗಿದುಕೊಂಡು ಪಾದ ಜೋತು ನಿಂತರೆ, ನರ ಬಂದು ತಲುಪುವ ಹೊತ್ತಿಗೆ ಅದು ಅಲ್ಲಾಡಿಸಬೇಕಾದ ಕೀಲೇ ಅಲ್ಲಾಡುವುದಿಲ್ಲ. ಸರಿಯಾದ ಸ್ಪ್ಲಿಂಟ್ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು, ವ್ಯಾಯಾಮ ಎಷ್ಟಾದರೆ ಹೆಚ್ಚು, ಮತ್ತೆ ಬಂದ ನಿಶ್ಶಕ್ತಿ ಬರೀ ದಣಿವೋ, ಕಾಯಿಲೆ ಮರುಕಳಿಸಿದ್ದೋ, ಅಥವಾ ಮೊದಲಿನಿಂದಲೂ ಅದು ಸಿಐಡಿಪಿ ಎಂಬ ದೀರ್ಘಕಾಲದ ಬೇರೆ ಕಾಯಿಲೆಯೋ, ಇದನ್ನೆಲ್ಲ ಹೇಳಬೇಕಾದವರು ನೀವು. ಹೇಳಬೇಕಾದ ಕಾಲವೂ ಡಿಸ್ಚಾರ್ಜ್ ಆದ ಮೇಲಿನ ಒಂದೆರಡು ವರ್ಷವೇ.

ನನ್ನ ತಮ್ಮನಿಗೆ ಆಗಿದ್ದು ಒಳಗಿನ ತಂತಿಯ ಪೆಟ್ಟು. ಅದು ನಮಗೆ ಗೊತ್ತಾದದ್ದು ಡಿಸ್ಚಾರ್ಜ್ ಚೀಟಿಯಿಂದಲ್ಲ. ತಿಂಗಳುಗಳ ನಂತರ ಬೇರೊಬ್ಬ ವೈದ್ಯರು ಹಳೆಯ ನರಗಳ ಪರೀಕ್ಷೆಯ, ಅಂದರೆ ಎನ್‌ಸಿವಿ ವರದಿಯ ಹಾಳೆ ತಿರುಗಿಸಿ ನೋಡಿದಾಗ. ಅಷ್ಟು ಹೊತ್ತಿಗೆ ಅವನು "ಎಲ್ಲರೂ ಎದ್ದು ಓಡಾಡಾಕತ್ತಾರ, ನನಗ ಮಾತ್ರ ಯಾಕ ಆಗವಲ್ದು" ಎಂದು ತನ್ನನ್ನೇ ಸೋಮಾರಿ ಎಂದು ಹಳಿದುಕೊಳ್ಳುವ ಸ್ಥಿತಿಗೆ ಬಂದಿದ್ದ. ನಿನ್ನ ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತಿದೆ, ತಡೆದುಕೋ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಇಪ್ಪತ್ತಾರರ ಹುಡುಗ ಅಷ್ಟು ರಾತ್ರಿ ಅಳುತ್ತಿರಲಿಲ್ಲ.

ಒಪಿಡಿಗೆ ಹೋದೆವು. ಹೋದಾಗಲೆಲ್ಲ ಹೊಸ ರೆಸಿಡೆಂಟ್ ಡಾಕ್ಟರ್. ಮೊದಲಿನಿಂದ ಕಥೆ. ಅವರ ತಪ್ಪಲ್ಲ, ಓದಲು ಬಂದ ಹುಡುಗರು, ಮೂರು ವರ್ಷಕ್ಕೆ ಹೋಗುವವರು, ಎದುರಿಗೆ ಬಾಗಿಲಿನಾಚೆಗೂ ಸಾಲು. ವೈದ್ಯರು ಬದಲಾಗುವುದು ಬೋಧನಾ ಆಸ್ಪತ್ರೆಯ ಸ್ವಭಾವ. ಹಾಗೆಂದೇ ನೆನಪು ವ್ಯಕ್ತಿಯ ತಲೆಯಲ್ಲಿರಬಾರದು, ವಿಭಾಗದಲ್ಲಿರಬೇಕು. ವಾರಕ್ಕೊಮ್ಮೆ ನಿಗದಿಯಾದ ನರಸ್ನಾಯು ಕ್ಲಿನಿಕ್, ಅಲ್ಲಿ ಕಾಯಂ ಒಬ್ಬ ಹಿರಿಯ ವೈದ್ಯರು, ಒಬ್ಬ ಫಿಸಿಯೋಥೆರಪಿಸ್ಟ್, ರೋಗಿಯ ಕಡತ ಕೈಯಲ್ಲಿಟ್ಟುಕೊಂಡ ಒಬ್ಬ ನರ್ಸ್. ನರಗಳ ಪರೀಕ್ಷೆಯ ಯಂತ್ರ ನಿಮ್ಮಲ್ಲಿ ಈಗಾಗಲೇ ಇದೆ. ಕೋಟಿಗಟ್ಟಲೆಯ ಉಪಕರಣ ಯಾರೂ ಕೇಳುತ್ತಿಲ್ಲ.

ನೆನಪು ವಿಭಾಗದಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಕಾಯಿಲೆಯ ಚರಿತ್ರೆಯೇ ಸಾಕ್ಷಿ. ಉತ್ತರ ಚೀನಾದ ಹೆಬೈ ಪ್ರಾಂತ್ಯದಲ್ಲಿ ಪ್ರತಿ ಬೇಸಿಗೆಯಲ್ಲೂ ಹಳ್ಳಿಯ ಮಕ್ಕಳು ಹಠಾತ್ತನೆ ಕಾಲಿನ ಬಲ ಕಳೆದುಕೊಂಡು ಷಿಜಿಯಾಜುವಾಂಗ್ ನಗರದ ಬೋಧನಾ ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿನ ವೈದ್ಯರು ವರ್ಷದಿಂದ ವರ್ಷಕ್ಕೆ ದಾಖಲೆ ಇಟ್ಟರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ನರವಿಜ್ಞಾನಿಗಳು ಅವರ ಜೊತೆಗೂಡಿದರು. ಅವರೆಲ್ಲ ಸೇರಿ 1991ರಿಂದ ಪ್ರಕಟಿಸುತ್ತ ಬಂದ ಬರಹಗಳಿಂದ ಜಗತ್ತಿಗೆ ಸ್ಪಷ್ಟವಾದದ್ದು: ಜಿಬಿಎಸ್ ಎಂಬ ಒಂದೇ ಹೆಸರಿನಡಿ ನರದ ಹೊದಿಕೆಯ ಕಾಯಿಲೆಯಷ್ಟೇ ಅಲ್ಲ, ನರದ ತಂತಿಯ ಕಾಯಿಲೆಯೂ ಇದೆ. ಕ್ಯಾಂಪಿಲೋಬ್ಯಾಕ್ಟರ್ ಜೊತೆಗಿನ ಅದರ ನಂಟು ಗಟ್ಟಿಯಾದದ್ದೂ ಆ ಮಕ್ಕಳನ್ನು ಹಿಂಬಾಲಿಸಿದ ಕೆಲಸದಿಂದ. ನನ್ನ ತಮ್ಮನ ವರದಿಯಲ್ಲಿ ಆ ತಂತಿಯ ಕಾಯಿಲೆಗೆ ಬರೆದಿರುವ ಎಎಂಎಎನ್ ಎಂಬ ನಾಲ್ಕಕ್ಷರ ಹುಟ್ಟಿದ್ದು ಅಲ್ಲಿ, ಒಂದು ಪ್ರಾಂತೀಯ ಕಾಲೇಜಿನ ವಾರ್ಡ್‌ನಲ್ಲಿ.

ನೆರೆಯ ಢಾಕಾವನ್ನು ನೋಡಿ. ಇಮ್ಯುನೊಗ್ಲಾಬ್ಯುಲಿನ್ ಕೊಳ್ಳಲಾಗದ, ಪ್ಲಾಸ್ಮಾ ಬದಲಿಸುವ ಯಂತ್ರವೂ ಕೈಗೆಟುಕದ ರೋಗಿಗಳಿಗಾಗಿ ಅಲ್ಲಿನ ರಾಷ್ಟ್ರೀಯ ನರವಿಜ್ಞಾನ ಆಸ್ಪತ್ರೆಯ ವೈದ್ಯರು ಯಂತ್ರವಿಲ್ಲದೆ, ರಕ್ತದ ಚೀಲದಲ್ಲೇ ಕಣಗಳು ತಳಕ್ಕಿಳಿಯಲು ಬಿಟ್ಟು, ಸ್ವಲ್ಪಸ್ವಲ್ಪವೇ ಪ್ಲಾಸ್ಮಾ ತೆಗೆಯುವ ವಿಧಾನವನ್ನು ಇಪ್ಪತ್ತು ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಖರ್ಚು ಬಹಳ ಕಡಿಮೆ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದ 2012ರಲ್ಲಿ ಶುರುವಾದ, ಜಿಬಿಎಸ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಂತರರಾಷ್ಟ್ರೀಯ ಅಧ್ಯಯನದಲ್ಲೂ ಬಾಂಗ್ಲಾದೇಶ ಪಾಲುದಾರ. ಪುಣೆಗೆ ಒಂದೇ ಚಳಿಗಾಲದಲ್ಲಿ ಒಂದೇ ಮೂಲದ್ದೆಂದು ಶಂಕಿಸಲಾದ ಸುಮಾರು ಇನ್ನೂರು ರೋಗಿಗಳು ಬಂದರು. ಇಂಥದ್ದು ಜಗತ್ತಿನಲ್ಲೇ ಅಪರೂಪ. ಅವರಲ್ಲಿ ಯಾರು ಎಷ್ಟು ದಿನಕ್ಕೆ ಎದ್ದರು, ಯಾರು ಏಳಲಿಲ್ಲ, ಯಾವ ಔಷಧಿ ಯಾರಿಗೆ ನಾಟಿತು, ಭೇದಿಯಾದ ಎಷ್ಟು ದಿನಕ್ಕೆ ಕಾಲು ಜೋಮು ಹಿಡಿಯಿತು, ಈ ಉತ್ತರಗಳೆಲ್ಲ ಧಾಯರಿ, ನಾಂದೇಡ್, ಯಾದಗಿರಿ, ಇಂಡಿಯ ಮನೆಗಳಲ್ಲಿ ಕೂತಿವೆ. ಯಾರಾದರೂ ಬಂದು ಕೇಳಬೇಕು.

ಕೇಳಲು ಪುಣೆಗೆ ಬಾರದು ಎಂದೇನಿಲ್ಲ. ಸಸೂನ್‌ಗೆ ಸೇರಿದ ಬಿ.ಜೆ. ವೈದ್ಯಕೀಯ ಕಾಲೇಜು ಎಚ್‌ಐವಿ ಸೋಂಕಿತ ತಾಯಂದಿರ ಹಾಲು ಕುಡಿಯುವ ಶಿಶುಗಳಿಗೆ ಆರು ವಾರ ನೆವಿರಪಿನ್ ಔಷಧಿ ಕೊಡುವ ದೊಡ್ಡ ಅಧ್ಯಯನದಲ್ಲಿ ಇಥಿಯೋಪಿಯಾ, ಉಗಾಂಡಾಗಳ ಜೊತೆ ಭಾರತದ ಕೇಂದ್ರವಾಗಿತ್ತು. ಅದರ ಫಲಿತಾಂಶ 2008ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಎದೆಹಾಲು ಕುಡಿಯುವ ಕೂಸನ್ನು ತಿಂಗಳುಗಟ್ಟಲೆ ಹಿಂಬಾಲಿಸುವುದೆಂದರೆ ತಾಯಿ ಗಂಡನ ಮನೆಗೋ ತವರಿಗೋ ಹೋದಲ್ಲಿಗೆಲ್ಲ ಹುಡುಕಿಕೊಂಡು ಹೋಗುವುದು, ಅವಳ ನಂಬಿಕೆ ಉಳಿಸಿಕೊಳ್ಳುವುದು. ಅದು ಇದೇ ಪುಣೆಯಲ್ಲಿ, ಸರ್ಕಾರಿ ಆಸ್ಪತ್ರೆಯ ಬಡ ತಾಯಂದಿರ ನಡುವೆ ಆಯಿತು. ಅಲ್ಲಿ ಸಂಶೋಧನೆ ಬೇರೆ, ಆರೈಕೆ ಬೇರೆ ಎಂದಿರಲಿಲ್ಲ. ಮಗುವಿನ ರಕ್ತ ಪರೀಕ್ಷೆಗೆ ಕರೆದವರೇ ಮಗುವಿನ ತೂಕವನ್ನೂ ನೋಡಿದರು. ನರರೋಗದವರಿಗೂ ಅದನ್ನೇ ಕೇಳುತ್ತಿದ್ದೇನೆ.

ಈಗ ನನ್ನ ಮನಸ್ಸನ್ನು ಹೆಚ್ಚು ಕಲಕಿದ ವಿಷಯ. ತಮ್ಮನ ವಾರ್ಡ್‌ನಲ್ಲಿ ಯಾದಗಿರಿ ಕಡೆಯ ಒಬ್ಬ ಗೌಂಡಿ ಇದ್ದ. ಹಿಂಜವಾಡಿಯ ಮೂರನೇ ಹಂತದಾಚೆ, ಮಾಣ್ ಗ್ರಾಮದ ಕಡೆ ಏಳುತ್ತಿರುವ ಗೋಪುರಗಳಲ್ಲಿ ಕೆಲಸ. ಇಲ್ಲಿನ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟಿದ್ದಾರೆಂಬುದು ಸಂಜೆ ಹೊತ್ತು ಶೆಡ್ಡುಗಳ ಹತ್ತಿರ ಹಾದುಹೋದರೆ ಕಿವಿಗೇ ತಿಳಿಯುತ್ತದೆ. ಕನ್ನಡ, ಲಂಬಾಣಿ, ತೆಲುಗು ಎಲ್ಲ ಒಟ್ಟಿಗೆ ಕೇಳುತ್ತವೆ. ಅವನ ಹೆಂಡತಿಯ ಕೈಗೆ ಒಂದು ಹಾಳೆ ಕೊಟ್ಟು ಹೆಬ್ಬೆಟ್ಟು ಒತ್ತಲು ಹೇಳಿದರು. "ಅಕ್ಕಾ, ಇದರಾಗ ಏನ್ ಬರದಾರ ನೋಡ್ರಿ, ರೊಕ್ಕ ಕಟ್ಟಂತಾರೇನು?" ಎಂದು ಅವಳು ನನ್ನ ಹತ್ತಿರ ತಂದಳು. ಹಣದ ವಿಷಯವಲ್ಲ. ರೋಗಿಯ ರಕ್ತ, ಮಲ ಮತ್ತು ಬೆನ್ನುಹುರಿಯ ನೀರಿನ ಮಾದರಿಗಳನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ. ಮೇಲೆ ಇಂಗ್ಲಿಷ್, ಕೆಳಗೆ ಮರಾಠಿ. ನಾನು ಓದಿ ಹೇಳಿದೆ. ಅವಳು ತಕ್ಷಣ ಒಪ್ಪಿದಳು: "ನಮ್ಮಂಥವರಿಗೆ ಇನ್ನೊಬ್ಬರಿಗೆ ಅನುಕೂಲ ಆಗ್ತದಂದ್ರ ತಗೊಳ್ಳಲಿ." ಬೆನ್ನುಹುರಿಯ ನೀರು ತೆಗೆದರೆ ಕಾಲು ಕಾಯಂ ಬಿದ್ದುಹೋಗುತ್ತದೆ ಎಂಬ ಅವಳ ಭಯವನ್ನು ಮಾತ್ರ ನನ್ನಿಂದ ಹೋಗಲಾಡಿಸಲಾಗಲಿಲ್ಲ. ಅದನ್ನು ಹೋಗಲಾಡಿಸಬೇಕಾದ ವೈದ್ಯರಿಗೆ ಅವಳ ಭಾಷೆ ಬರುತ್ತಿರಲಿಲ್ಲ, ದುಭಾಷಿಯನ್ನು ಕರೆಯುವ ಏರ್ಪಾಡೂ ಇರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದಲು ಬಾರದವರಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ವಿವರಿಸಬೇಕು. ಸಂಶೋಧನೆಯಿಂದ ಬಂದ ತಿಳಿವಳಿಕೆಯಲ್ಲಿ, ಲಾಭದಲ್ಲಿ ಭಾಗವಹಿಸಿದವರಿಗೂ ಪಾಲಿರಬೇಕು ಎಂಬ ತತ್ವವೂ ಅಲ್ಲಿದೆ. ಆ ಹೆಬ್ಬೆಟ್ಟಿನ ಗುರುತು ಎಲ್ಲೋ ಒಂದು ಕಡತದಲ್ಲಿದೆ. ಅದರಿಂದ ಏನು ತಿಳಿಯಿತು ಎಂಬ ಒಂದು ಸಾಲು ಅವಳ ಕಡೆಗೆ ಹೋಗಿಲ್ಲ. ಗೌಂಡಿಯ ಬಲಗಾಲು ಈಗಲೂ ಜೋಲುತ್ತದೆ. ಪರಾಂಚಿ, ಅಂದರೆ ಸಾರುವೆ, ಏರಲಾಗದವನಿಗೆ ಮುಕಾದಮ್ ಕೆಲಸ ಕೊಡಲಿಲ್ಲ, ಊರಿಗೆ ಮರಳಿದ್ದಾರೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆ ಇಲ್ಲಿನ ಪಡಿತರ ಚೀಟಿ ಅಥವಾ ವಾಸದ ದಾಖಲೆ ಕೇಳುತ್ತದೆ. ಅವರ ಚೀಟಿ ಯಾದಗಿರಿಯದು. ಊರಿನಲ್ಲಿ ಮರಾಠಿಯ ಡಿಸ್ಚಾರ್ಜ್ ಚೀಟಿ ಓದುವವರಿಲ್ಲ.

ಪುಣೆಯಲ್ಲಿ ದಾರಿ ಕಾಣದ ಕನ್ನಡಿಗರು ಹಿಡಿಯುವ ದಾರಿ ಒಂದೇ, ಬೆಂಗಳೂರು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ಮರುದಿನ. ನಾವೂ ಕೊನೆಗೆ ಹೋದೆವು, ತಮ್ಮನಿಗೆ ಸರಿಯಾದ ಸ್ಪ್ಲಿಂಟ್ ಸಿಕ್ಕಿದ್ದು ಅಲ್ಲಿ. ಬೆಂಗಳೂರಿಗೆ ಈ ಶಕ್ತಿ ಕಟ್ಟಡದಿಂದ ಬಂದದ್ದಲ್ಲ. ನಿಮ್ಹಾನ್ಸ್‌ನಲ್ಲಿ 1984ರಿಂದ 2007ರವರೆಗೆ ವೆಂಟಿಲೇಟರ್ ಮೇಲಿದ್ದ 273 ಜಿಬಿಎಸ್ ರೋಗಿಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ಯಾರು ಏಕೆ ತೀರಿಕೊಂಡರು ಎಂದು ಅಲ್ಲಿನ ವೈದ್ಯರು ಲೆಕ್ಕ ಹಾಕಿದ್ದಾರೆ. ಇಪ್ಪತ್ತಮೂರು ವರ್ಷದ ಕಡತ ಕಳೆಯದೆ ಇಟ್ಟುಕೊಳ್ಳುವುದೆಂದರೆ ಏನು ಎಂಬುದು ಕಚೇರಿಗಳಲ್ಲಿ ದುಡಿದ ನಮಗೆ ಗೊತ್ತು. ಒಂದೇ ಕೈ ಅಥವಾ ಒಂದೇ ಕಾಲು ಸಣಕಲಾಗುವ ಕಾಯಿಲೆಗೆ 1984ರಲ್ಲಿ ಮಾನೊಮೆಲಿಕ್ ಅಮಯೊಟ್ರೊಫಿ ಎಂದು ಹೆಸರಿಟ್ಟ ಅಲ್ಲಿನ ಡಾ. ಎಂ. ಗೌರೀದೇವಿ ಮತ್ತು ಸಂಗಡಿಗರ ಕೆಲಸವೂ ಹೀಗೆ ಹೊರರೋಗಿಗಳನ್ನು ಮತ್ತೆ ಮತ್ತೆ ಕರೆದು ನೋಡಿದ ಅಭ್ಯಾಸದ ಫಲ.

ಆದರೆ ಎಲ್ಲರೂ ಬೆಂಗಳೂರಿಗೆ ಹೋಗಲಾರರು, ಹೋಗಬೇಕಾಗಿಯೂ ಬರಬಾರದು. ಕರ್ನಾಟಕದ ಸಚಿವರಲ್ಲಿ ನನ್ನ ಮನವಿ ಇಲ್ಲಿದೆ. 2025ರ ಬಜೆಟ್‌ನಲ್ಲಿ ನಿಮ್ಹಾನ್ಸ್ ಮಾದರಿಯ ಸಂಸ್ಥೆಯನ್ನು ಮೈಸೂರಿಗೆ ಘೋಷಿಸಿದಿರಿ. ಮೈಸೂರಿನವರಿಗೆ ಅದು ಬೇಕು, ಸಂತೋಷ. ಯಾದಗಿರಿಯ ಗೌಂಡಿಗೆ ಮೈಸೂರು ಬೆಂಗಳೂರಿಗಿಂತಲೂ ಆಚೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ನರರೋಗದ ತರಬೇತಿ ಕೊಡುತ್ತಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ಆ ಕ್ಲಿನಿಕ್‌ಗಳ ಪಟ್ಟಿಯನ್ನು ಪುಣೆಯ ಕಾಲೇಜುಗಳಿಗೆ ಕೊಡಿ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರಿಗೆ ಮರಳುವ ರೋಗಿಯ ಕಡತ ಅವನಿಗಿಂತ ಮೊದಲು ಅಲ್ಲಿಗೆ ತಲುಪಲಿ. ಗಡಿಯ ವಿಷಯದಲ್ಲಿ ಎರಡೂ ರಾಜ್ಯಗಳು ನ್ಯಾಯಾಲಯದಲ್ಲಿ ಎದುರುಬದುರು ಕೂತಿರುವುದು ಎಲ್ಲರಿಗೂ ಗೊತ್ತು. ಒಂದು ಡಿಸ್ಚಾರ್ಜ್ ಸಾರಾಂಶ ಸೊಲ್ಲಾಪುರ ದಾಟಿ ಹೋಗಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.

ಮಹಾರಾಷ್ಟ್ರದ ಸಚಿವರಿಗೆ: ವೈದ್ಯರ ಮೇಲೆ ಇನ್ನೊಂದು ಕೆಲಸ ಹೇರಿ ಎಂದು ನಾನು ಕೇಳುತ್ತಿಲ್ಲ. ಒಂದೊಂದು ಸರ್ಕಾರಿ ಕಾಲೇಜಿನ ನರರೋಗ ವಿಭಾಗಕ್ಕೆ, ರೋಗಿಗಳನ್ನು ಹಿಂಬಾಲಿಸುವುದೇ ಕೆಲಸವಾಗಿರುವ ಒಬ್ಬ ನರ್ಸ್ ಮತ್ತು ಒಬ್ಬ ಫಿಸಿಯೋಥೆರಪಿಸ್ಟ್ ಹುದ್ದೆ ಮಂಜೂರು ಮಾಡಿ, ತಾತ್ಕಾಲಿಕವಾಗಿ ಅಲ್ಲ, ಕಾಯಂ ಆಗಿ. ಹಬ್ಬಿದ ರೋಗಕ್ಕೆ ಬರುವ ತುರ್ತು ಹಣ ರೋಗದ ಜೊತೆಗೇ ಹೋಗುತ್ತದೆ. ಪತ್ರಿಕೆಗಳಲ್ಲಿ ಸುದ್ದಿ ನಿಂತ ದಿನ ರೋಗಿಗಳ ಕಡತ ನೋಡುವ ಮೇಜೂ ಖಾಲಿಯಾಗುತ್ತದೆ. ಪುಣೆಯಂಥ ಊರಿಗೆ ಈ ಹುದ್ದೆಗಳ ಖರ್ಚು ದೊಡ್ಡ ಮೊತ್ತವಲ್ಲ. ಹಿಂಜವಾಡಿಯ ಕಂಪನಿಗಳು ಸಾಮಾಜಿಕ ಹೊಣೆಯ ನಿಧಿಯಿಂದ ಕೊಡಬಹುದಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಕೊಡಲಿ, ಸ್ಪ್ಲಿಂಟುಗಳಿಗೆ, ಗಾಲಿಕುರ್ಚಿಗಳಿಗೆ ಕೊಡಲಿ. ಆದರೆ ರೋಗಿಯ ಕಡತ ಇಟ್ಟುಕೊಳ್ಳುವವರ ಸಂಬಳ ವರ್ಷವರ್ಷ ಯಾರದೋ ಮನಸ್ಸಿನ ಮೇಲೆ ನಿಲ್ಲಬಾರದು.

ವಿಭಾಗದ ಮುಖ್ಯಸ್ಥರಿಗೆ: ಆ ಹುದ್ದೆಗಳು ಮಂಜೂರಾಗುವವರೆಗೂ ಕಾಯಬೇಕಿಲ್ಲದ ಕೆಲವು ಕೆಲಸಗಳಿವೆ. 2025ರ ಆ ತಿಂಗಳುಗಳಲ್ಲಿ ನಿಮ್ಮಲ್ಲಿ ದಾಖಲಾದ ಪ್ರತಿ ರೋಗಿಗೂ ಒಂದು ಫೋನ್ ಮಾಡಿಸಿ. ನಡೆಯುತ್ತಿದ್ದೀರಾ, ಕೆಲಸಕ್ಕೆ ಹೋಗುತ್ತಿದ್ದೀರಾ, ದಣಿವು ಇದೆಯಾ, ನೋವು ಇದೆಯಾ, ಇಷ್ಟು ಕೇಳಿದರೂ ಸಾಕು. ಉತ್ತರ ಬರೆದಿಟ್ಟುಕೊಳ್ಳಿ. ವಾರದಲ್ಲಿ ಒಂದು ಮಧ್ಯಾಹ್ನ ಅವರಿಗೆ ಮೀಸಲಿಡಿ, ಆ ದಿನ ಯಾವುದೆಂದು ಬಾಗಿಲಿಗೆ ಹಚ್ಚಿ. ಒಪ್ಪಿಗೆ ಪತ್ರಗಳನ್ನು ಕನ್ನಡ, ತೆಲುಗು, ಹಿಂದಿಗಳಲ್ಲಿ ಮುದ್ರಿಸಿ. ಕನ್ನಡಕ್ಕೆ ಅನುವಾದಿಸಲು, ವಾರ್ಡ್‌ಗೆ ಬಂದು ಓದಿ ಹೇಳಲು ಜನ ಬೇಕಾದರೆ ಈ ಊರಿನಲ್ಲಿ ಓದಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟಿದ್ದಾರೆ. ನಾನು ಬರುತ್ತೇನೆ, ನನ್ನ ಕಚೇರಿಯ ಗೆಳತಿಯರು ಬರಲು ಒಪ್ಪಿದ್ದಾರೆ. ನಮ್ಮ ಮಾದರಿಗಳಿಂದ ನಿಮಗೆ ತಿಳಿದದ್ದನ್ನು ಜರ್ನಲ್‌ಗೆ ಕಳಿಸಿದ ಮೇಲೆ ಧಾಯರಿಯ ಒಂದು ಶಾಲೆಯ ಅಂಗಳದಲ್ಲಿ ಮರಾಠಿಯಲ್ಲೂ ಹೇಳಿ. ಯಾವ ಬಾವಿ, ಯಾವ ಟ್ಯಾಂಕರ್, ಏನು ಕುದಿಸಬೇಕಿತ್ತು ಎಂಬುದು ಅಲ್ಲಿನ ತಾಯಂದಿರಿಗೆ ಲ್ಯಾನ್ಸೆಟ್ ಓದುಗರಿಗಿಂತ ಹೆಚ್ಚು ಬೇಕು.

ನಿಮ್ಮಲ್ಲಿ ಕೆಲವರು ಇದನ್ನು ಆಗಲೇ ಮಾಡುತ್ತಿರಬಹುದು, ಸದ್ದಿಲ್ಲದೆ, ನಿಮ್ಮ ಸ್ವಂತ ಸಂಜೆಗಳಲ್ಲಿ. ಅಂಥ ವೈದ್ಯರನ್ನು ನಾನು ಕಂಡಿದ್ದೇನೆ. ಒಬ್ಬ ರೆಸಿಡೆಂಟ್ ಹುಡುಗಿ ತಮ್ಮನಿಗೆ ತನ್ನ ಸ್ವಂತ ಫೋನ್ ನಂಬರ್ ಕೊಟ್ಟಿದ್ದಳು. ಓದು ಮುಗಿಸಿ ಬೇರೆ ಊರಿಗೆ ಹೋಗುವವರೆಗೂ ಅವಳೊಬ್ಬಳೇ ನಮಗೆ ವಿಭಾಗವಾಗಿದ್ದಳು. ಅವಳು ಹೋದ ಮೇಲೆ ಆ ನಂಬರಿಗೆ ಮತ್ತೆ ಕರೆ ಮಾಡಲು ನಮಗೇ ಸಂಕೋಚವಾಯಿತು. ಒಬ್ಬಳ ಒಳ್ಳೆಯತನದ ಮೇಲೆ ಇಷ್ಟು ಭಾರ ಹೊರಿಸುವುದು ಅವಳಿಗೂ ಅನ್ಯಾಯ.

ಈ ಪತ್ರದ ಮರಾಠಿ ಪ್ರತಿಯನ್ನು ಮುಂಬೈನ ಮಂತ್ರಾಲಯಕ್ಕೂ ನಿಮ್ಮ ಕಾಲೇಜುಗಳಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ನಮ್ಮ ಸೈಟುಗಳ, ಬಾಡಿಗೆ ಕೋಣೆಗಳ, ಗಡಿಯಾಚೆಯ ಊರುಗಳ ಮನೆಗಳಿಗಾಗಿ. 2025ರಲ್ಲಿ ಪುಣೆಯಲ್ಲಿ ಜಿಬಿಎಸ್ ಆಗಿ ಊರಿಗೆ ಮರಳಿದವರು ಡಿಸ್ಚಾರ್ಜ್ ಚೀಟಿ, ಎನ್‌ಸಿವಿ ವರದಿ ಎಲ್ಲವನ್ನೂ ಜೋಪಾನವಾಗಿಡಿ, ಎಸೆಯಬೇಡಿ. ಪಾದ ಜೋಲುತ್ತಿದ್ದರೆ ಹತ್ತಿರದ ಜಿಲ್ಲಾ ಆಸ್ಪತ್ರೆಯ ನರರೋಗದ ವೈದ್ಯರಿಗೆ, ಫಿಸಿಯೋಥೆರಪಿಸ್ಟ್‌ಗೆ ಈಗಲೇ ತೋರಿಸಿ, ತಡವಾಯಿತೆಂದು ಬಿಡಬೇಡಿ. ತಮ್ಮನ ನರಗಳ ಪರೀಕ್ಷೆ ಮತ್ತೊಮ್ಮೆ ಆಗಬೇಕಿದೆ. ಅದನ್ನು ಪುಣೆಯಲ್ಲೇ, ಅವನ ಮೊದಲ ವರದಿ ಇರುವ ಕಡತದ ಪಕ್ಕದಲ್ಲೇ ಮಾಡಿಸಬೇಕೆಂಬುದು ನಮ್ಮ ಆಸೆ. ಯಾವ ದಿನ ಬರಬೇಕೆಂದು ತಿಳಿಸಿ.

ಇಂತಿ,
ನಿಮ್ಮ ವಿಭಾಗದ ರೋಗಿಯೊಬ್ಬನ ಅಕ್ಕ,
ಹಿಂಜವಾಡಿ, ಪುಣೆ